ನಿಜಪ್ರತಿ

ತೀರ್ಪಿನಲ್ಲಿ ನನ್ನ ಹೆಸರು ಒಂದೇ ಸಲ ಬರುತ್ತದೆ:
ಮೂರನೇ ಪ್ರತಿವಾದಿ, ಎಂ. ಸೊಣ್ಣಪ್ಪ,
ಶಿಡ್ಲಘಟ್ಟ ನಗರಸಭೆ, ಲೈಸೆನ್ಸ್ ಶಾಖೆ.
ಆಮೇಲೆ ನಾನಿಲ್ಲ.
ಸದ್ಭಾವನೆಯಿಂದ ಮಾಡಿದ ಅಥವಾ ಮಾಡಲು ಉದ್ದೇಶಿಸಿದ
ಯಾವುದೇ ಕಾರ್ಯಕ್ಕಾಗಿ ಯಾವೊಬ್ಬ ನೌಕರನ ವಿರುದ್ಧವೂ
ದಾವೆ ಹೂಡತಕ್ಕದ್ದಲ್ಲ.
ಆ ತಕ್ಕದ್ದಲ್ಲದ ಬಾಗಿಲಿನಿಂದ
ಹೊರಗೆ, ಬಿಸಿಲಿಗೆ ಬಂದೆ.

ನಮ್ಮ ವಕೀಲರು ಹೊರಊರಿನವರು. ಬೆನ್ನು ತಟ್ಟಿದರು:
"ಕಾನೂನು ಅಂದ್ರೆ ರೇಷ್ಮೆಗೂಡು ಕಣ್ರೀ,
ಒಳಗಿರೋ ಹುಳದಷ್ಟು ಭದ್ರ ನೀವು."
ನಮ್ಮೂರಲ್ಲಿ ಈ ಮಾತು ಯಾರೂ ಆಡುವುದಿಲ್ಲ.
ಗೂಡು ಎಲ್ಲಿಗೆ ಹೋಗುತ್ತದೆಂದು
ಇಲ್ಲಿ ಮಕ್ಕಳಿಗೂ ಗೊತ್ತು.
ಆಫೀಸಿನ ಕಿಟಕಿ ಹಾಕಿಕೊಂಡರೂ
ಬೆಂದ ಹುಳದ ವಾಸನೆ ಕಡತದ ಹಾಳೆಗೆ ಹತ್ತಿರುತ್ತದೆ.
ನಕ್ಕು, ಅವರಿಗೆ ಎಳನೀರು ಕೊಡಿಸಿದೆ.

ಅವತ್ತು ಮಾರ್ಚ್ ಮೂವತ್ತೊಂದು.
ಮೇಜಿನ ಮೇಲೆ ನವೀಕರಣದ ಕಡತ ನಲವತ್ತೊಂದು.
ರೀಲಿಂಗ್ ಘಟಕ, ಬಾಯ್ಲರ್ ಒಂದು, ಬೇಸಿನ್ ಹನ್ನೆರಡು.
ಸ್ಕೂಟರಿನಲ್ಲಿ ಗಲ್ಲಿಯ ತಿರುವಿನ ತನಕ ಹೋದದ್ದು ನಿಜ.
ಬೋರ್ಡು ನೋಡಿದ್ದು ನಿಜ, ಮೇಲೆ ಹೊಗೆ ಕಂಡದ್ದು ನಿಜ.
ಗಾಡಿ ನಿಲ್ಲಿಸಿದಲ್ಲಿಗೇ ಒಂದು ಲೋಟ ಚಹಾ ಬಂತು, ಕುಡಿದದ್ದು ನಿಜ.
ಕಾಸು ಮುಟ್ಟಲಿಲ್ಲ. ಹದಿನೇಳು ವರ್ಷದಲ್ಲಿ
ಯಾರ ಕಾಸೂ ಮುಟ್ಟಿದವನಲ್ಲ, ಬೇಕಾದರೆ ಬಜಾರಿನಲ್ಲಿ ಕೇಳಿ.
ಸೀಟಿನ ಮೇಲೆ ಕಡತ ಇಟ್ಟು ಬರೆದೆ:
'ಸ್ಥಳ ಪರಿಶೀಲಿಸಲಾಗಿದೆ. ನವೀಕರಿಸಬಹುದು.'

ಪರಿಶೀಲಿಸಿದೆ ಎಂದಲ್ಲ, ಪರಿಶೀಲಿಸಲಾಗಿದೆ.
ನಮ್ಮ ಕಚೇರಿಯಲ್ಲಿ ಎಲ್ಲವೂ ಹೀಗೆಯೇ ಆಗುತ್ತದೆ,
ಯಾರೂ ಮಾಡದೆ.

ಬಾಯ್ಲರ್ ನಮ್ಮದಲ್ಲ, ಅದಕ್ಕೆ ಬೇರೆ ಇಲಾಖೆ.
ಗೋಡೆ ನಮ್ಮದು; ಗೋಡೆಗೆ ಎಷ್ಟು ಬಾಗಿಲು ಎಂಬುದು ನಮ್ಮದು.
ಬಾಗಿಲು ಒಂದೇ ಇತ್ತು. ಬಾಯ್ಲರ್ ಅದರ ಪಕ್ಕದಲ್ಲಿತ್ತು.
ಜೂನ್ ಹನ್ನೊಂದು, ಬೆಳಿಗ್ಗೆ ಏಳರ ತನಕ
ನನಗದು ಗೊತ್ತಿರಲಿಲ್ಲ.

ಗೊತ್ತಿಲ್ಲದಿರುವುದೂ ಸದ್ಭಾವನೆಯೆ?
ಕೇಳುತ್ತಾರೆಂದು ಮೂರು ರಾತ್ರಿ ಕೂತು ಉತ್ತರ ತಿದ್ದಿದ್ದೆ.
ನ್ಯಾಯಾಧೀಶರು ಕೇಳಲಿಲ್ಲ.
ಕೇಳುವ ಮೊದಲೇ ಮುಗಿಯುವ ಹಾಗೆ
ಆ ಕಲಮನ್ನು ಬರೆದಿದ್ದಾರೆ.
ಉತ್ತರ ಇನ್ನೂ ಅಂಗಿಯ ಜೇಬಿನಲ್ಲಿದೆ,
ಒಗೆದು ಒಗೆದು ಹತ್ತಿಯಂತಾಗಿದೆ.

ನಿನ್ನೆ ಮೆಹಬೂಬ್‌ಬಿ ಬಂದರು.
ಪರಿಹಾರದ ಅರ್ಜಿಗೆ ಲೈಸೆನ್ಸಿನ ನಕಲು ಬೇಕಂತೆ.
ಶುಲ್ಕ ಹತ್ತು ರೂಪಾಯಿ, ಚಿಲ್ಲರೆ ಎಣಿಸಿಯೇ ತಂದಿದ್ದರು.
ಜೆರಾಕ್ಸಿನಲ್ಲಿ ನನ್ನ ಸಹಿ. ಅದರ ಪಕ್ಕ
'ಅಸಲಿನ ನಿಜಪ್ರತಿ' ಎಂದು ಮೊಹರು ಒತ್ತಿ
ಮತ್ತೆ ನನ್ನದೇ ಸಹಿ.
ಆಕೆ ಬೈಯಲಿಲ್ಲ. ಬೈಯಬಹುದಿತ್ತು,
ಬೈಗುಳಕ್ಕೆ ಯಾವ ಕಲಮೂ ಅಡ್ಡ ಬರುವುದಿಲ್ಲ.

ಓದು ಬಾರದವರು, ಆದರೂ ಸರಿಯಾಗಿ
ಆ ಸಾಲಿನ ಮೇಲೇ ಬೆರಳಿಟ್ಟರು.
"ನೀವು ಬಂದು ನೋಡಿದ್ದು ಇಲ್ಲೇನಾ ಸಾಬ್ ಬರ್ದಿರೋದು?"
"ಹೌದು."
"ಹಂಗಾದ್ರೆ ನಮ್ಮ ನಗೀನಾನ ನೋಡಿರ್ತೀರ.
ಕೆಲಸ ಮಾಡೋವಾಗ ಹೆಂಗಿದ್ದಳು?
ನಾನು ಒಂದಿನಾನೂ ನೋಡಿಲ್ಲ.
ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಿದ್ದಳು."

ಲೋಟ ಚಾಚಿದ ಒಂದು ಕೈ ನೆನಪಾಯಿತು.
ಕುದಿನೀರಿಗೆ ಬೆಂದು, ಬೆಳ್ಳಗೆ, ಸುಕ್ಕುಗಟ್ಟಿದ ಬೆರಳು.
ಅವಳದೋ, ಬೇರೆ ಯಾರದೋ.
ಮುಖ ನೋಡಿರಲಿಲ್ಲ ನಾನು,
ಗಡಿಯಾರ ನೋಡುತ್ತಿದ್ದೆ.

"ಹಾಡ್ಕೊಂಡು ಕೆಲಸ ಮಾಡ್ತಿದ್ದಳಮ್ಮ" ಎಂದೆ.

ಮೆಹಬೂಬ್‌ಬಿ ನನ್ನನ್ನೇ ನೋಡಿದರು.
"ಹಾಡ್ತಿದ್ದಳಾ? ಮನೇಲಿ ತುಟಿ ಬಿಚ್ಚಿದವಳಲ್ಲ."
ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಕೆಮ್ಮಿದರು.
ಕಾಗದವನ್ನು ನಾಲ್ಕಾಗಿ ಮಡಿಸಿ
ಸೆರಗಿನ ತುದಿಗೆ ಗಂಟು ಹಾಕುತ್ತಾ
ಕೇಳಿದರು:
"ಯಾವ ಹಾಡು ಸಾಬ್?"