ಮೂವತ್ತೆರಡು ಬೈಟು

ಜೋಡಿಗೆ ಮೂರು ಡಾಲರು.
ಹೆಬ್ಬೆರಳಗಲದ ಕರಿ ಹಲಗೆ,
ಅಂಚಿನಲ್ಲಿ ಹುಳು ಹರಿದಂತೆ ಸೊಟ್ಟ ಗೆರೆ,
ಅದೇ ಬಾಯಿ, ಅದೇ ಕಿವಿ.
ಕೂಬರ್ ಪೀಡಿಯ ಅಂಚೆ ಕಚೇರಿಗೆ ಬರಲು
ಐದು ವಾರ ಹಿಡಿಯಿತು.

ಮಿಲೊರಾದನ ಮೊಣಕಾಲಿನ ಎಕ್ಸ್‌ರೇ ತೆಗೆದವಳು ನಾನು.
ಎಲುಬಿಗೆ ಎಲುಬು ಉಜ್ಜಿ ನಯವಾಗಿತ್ತು.
ಹತ್ತಬೇಡಿ ಎಂದರು ಡಾಕ್ಟರು.
ಹತ್ತುತ್ತಲೇ ಇದ್ದ, ದಿನಾ ಸಂಜೆ,
ತನ್ನದೇ ಮನೆಯ ನೆತ್ತಿಗೆ.

ಇಲ್ಲಿ ಮನೆ ಎಂದರೆ ಗುಡ್ಡದ ಹೊಟ್ಟೆ;
ಹೊರಗೆ ನಲವತ್ತೇಳು ಡಿಗ್ರಿ, ಒಳಗೆ ಮಡಕೆಯ ತಂಪು.
ಮೇಲೆ ನೀರಿನ ಟ್ಯಾಂಕು.
ಅದಕ್ಕೆ ಕೋಲಿನಿಂದ ಬಡಿದು, ಕಿವಿಯಾನಿಸಿ,
ಟೊಳ್ಳು ಎಲ್ಲಿ ಮುಗಿದು ನೀರು ಎಲ್ಲಿ ಶುರು
ಎಂದು ಆಲಿಸುತ್ತಿದ್ದ.
ನಲವತ್ತು ವರ್ಷ ಓಪಲ್ ಗಣಿಯ ಗೋಡೆ ತಟ್ಟಿದ ಕೈ.

ಹತ್ತುವುದು ಬೇಡ, ಟ್ಯಾಂಕೇ ಕೆಳಗೆ ಹೇಳಲಿ
ಎಂದೆ ನಾನು.

ಹೇಳಲಿಲ್ಲ.
ಒಂದಕ್ಕೆ ಐದು ವೋಲ್ಟ್ ಕುಡಿಸಿ ಕೊಂದೆ;
ಮೂರು ಚಿಲ್ಲರೆಗಿಂತ ಮೇಲೆ ದಕ್ಕದ ಜೀವ ಅದು.
ಮತ್ತೆ ಐದು ವಾರ.
ಹೊಸ ಜೋಡಿ ಮೇಜಿನ ಮೇಲೆ ಹರಟಿದವು,
ಎರಡು ಮಾರು ದೂರ ಮಾಡಿದ್ದೇ ಮೂಗು.
ಒಂದೇ ಚಾನೆಲ್ಲು, ಒಂದೇ ವಿಳಾಸ,
ಎರಡೂ ಕಡೆ ಅಕ್ಷರ ತಪ್ಪದೆ ಬರೆದಿದ್ದೆ.
ಮೂರು ರಾತ್ರಿ ಕೆಟ್ಟ ಮೇಲೆ ತಿಳಿಯಿತು:
ಕೂಗುವ ಗಳಿಗೆಗೆ ಅದಕ್ಕೆ ದಮ್ಮು ಸಾಲದು.
ಕಾಲೆರಡರ ನಡುವೆ ಒಂದು ಕೆಪ್ಯಾಸಿಟರ್ ಬೆಸೆದೆ,
ಕಡಲೆಕಾಳಿನಷ್ಟು.
ಜಗಲಿಯ ಮೇಲಿಟ್ಟ ಗಿಂಡಿ ನೀರಿನ ಹಾಗೆ;
ಬಾವಿಗೆ ಓಡದೆ ಅಲ್ಲೇ ಒಂದು ಗುಟುಕು.
ದನಿ ಅಂಗಳ ದಾಟಿತು.

ಆದರೆ ಕಲ್ಲು.
ಎಲುಬು ದಾಟುವ ಕಿರಣದ ಜೊತೆ ದಿನ ಕಳೆವ ನನಗೆ
ಮರಳುಗಲ್ಲಿಗೆ ಸೋಲುವ ಅಲೆ ಹೊಸತು.
ನಾಲ್ಕು ಮೀಟರ್ ಕೆಂಪು ಬಂಡೆ.
ಹದಿನೈದು ಸಲ ಮರಳಿ ಮರಳಿ ಕೂಗಿ
ಸುಮ್ಮನಾಗುತ್ತಿತ್ತು ಪಾಪದ ವಸ್ತು.

ಮಿಲೊರಾದ್ ಕಾಫಿಯ ಗಸಿ ಅಲ್ಲಾಡಿಸುತ್ತ ಕೇಳಿದ:
"ಗಾಳಿ ಹೇಗೆ ಇಳೀತದೆ ಈ ಮನೆಗೆ? ಅದರಲ್ಲೇ ಇಳಿಸು."
ನೆತ್ತಿಯಿಂದ ಅಡುಗೆಮನೆಗೆ ತಗಡಿನ ಕೊಳವೆ, ಗೇಣಗಲ.
ಮೇಲ್ಬಾಯಿಗೆ ಒಂದು, ಕೆಳಬಾಯಿಗೆ ಒಂದು.
ಯಾಕೆ ಹಾಗೆ ಎಂದು ಪುಸ್ತಕದಲ್ಲಿ ಆಮೇಲೆ ನೋಡಿದೆ;
ಆಗ ಕಂಡಿದ್ದು ಪುಟ್ಟ ಪರದೆಯ ಮೇಲೆ
ನೂರಕ್ಕೆ ಅರವತ್ತೆರಡು ನೀರು.

ಒಂದು ಸಲಕ್ಕೆ ಅದು ಹೊರುವುದು ಮೂವತ್ತೆರಡು ಬೈಟು.
ನೀರಿನ ಲೆಕ್ಕಕ್ಕೆ ಒಂದೇ ಸಾಕು.
ಉಳಿದದ್ದು ಖಾಲಿ ಹೋಗುವುದ ನೋಡಲಾರದೆ
ಒಂದು ರಾತ್ರಿ ಕೂತು ಬೆರಳೆಣಿಸಿದೆ:
ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟು,
ದೀರ್ಘಕ್ಕೆ ಬೇರೆ, ಒತ್ತಿಗೆ ಬೇರೆ, ಬಿಟ್ಟ ಜಾಗಕ್ಕೆ ಒಂದು.
'ಊಟ ಆಯ್ತಾ' ಅಂದರೆ ಇಪ್ಪತ್ತೆರಡು.
ಮಿಕ್ಕ ಒಂಬತ್ತರಲ್ಲಿ
'ಹೂಂ' ಸರಿಯಾಗಿ ಕೂರುತ್ತದೆ.
ಪ್ರಶ್ನೆಚಿಹ್ನೆಗೆ ಮಾತ್ರ ಎಡೆಯಿಲ್ಲ.

ತುಂಬಿ ಕಳಿಸಿದೆ.
ಅವನ ಪರದೆಗೆ ಕನ್ನಡ ಬಾರದು,
ಚೌಕ ಚೌಕ ಚೌಕ ತೋರಿಸಿತು.
"ಇದು ಯಾವ ಕಲ್ಲು?" ಎಂದ, ಕನ್ನಡಕ ಏರಿಸಿ.
ನೀರಿನ ಜೊತೆ ಬರುತ್ತೆ, ಇರಲಿ, ಎಂದೆ.

ತಲುಪಿತು ಎಂದು ರಸೀದಿ ತಾನಾಗೇ ಮರಳುತ್ತದೆ.
ತಲುಪಿತು, ಅಷ್ಟೇ.
ನೋಡಿದರೋ ಇಲ್ಲವೋ
ಅದಕ್ಕೆ ತಿಳಿಯದು.

ಭಾನುವಾರ ಹೋದರೆ ಅಡುಗೆಮನೆ ಖಾಲಿ,
ಪರದೆಯ ಮೇಲೆ ನಲವತ್ತೊಂದು, ಚೌಕ ಚೌಕ.
ಮೂಲೆಯಲ್ಲಿ ಕೋಲಿಲ್ಲ.
ಕೊಳವೆಯಿಂದ ಇಳಿದು ಬಂತು
ಟಣ್. ಟಣ್. ಟಣ್. ಟಪ್.

ಬಾಯಿಟ್ಟು ಕೂಗಿದೆ. ಮೇಲಿನಿಂದ ಉತ್ತರ:
"ನಲವತ್ತು. ನಲವತ್ತೊಂದೇ ಇರಬಹುದು.
ನಿನ್ನದೂ ಸರಿಯಾಗೇ ಹೇಳ್ತದೆ."
ದನಿಯಲ್ಲಿ ತುಸು ಬೇಜಾರು.

ಇಳಿದು ಬರಲು ಅವನಿಗೆ ಕಾಲು ಗಂಟೆ.
ಕಾಫಿಗೆ ನೀರಿಟ್ಟೆ.