ನೂರಾ ಹನ್ನೆರಡನೆಯ ಪುಟ

ಮಸ್ಕಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಖಾಜಾಹುಸೇನಿಯ ಟೇಲರ್ ಅಂಗಡಿ.
ರಟ್ಟು ಹರಿದ ಕಾದಂಬರಿ ನಾನು ಓದುತ್ತೇನೆ,
ಅವನು ಹೊಲಿಯುತ್ತ ಕೇಳುತ್ತಾನೆ.
ಬರೆದವರ ಹೆಸರು ಹೋಗಿದೆ, ಮೊದಲ ಹದಿನಾಲ್ಕು ಪುಟದ ಜೊತೆ.

ಕಥೆಯೊಳಗೆ ಇಬ್ಬರು ವಕೀಲರು, ಗೆಳೆಯರು.
ಒಬ್ಬನ ಪೇಟ ಇನ್ನೊಬ್ಬನಿಗೆ ಕೋಳಿಗೂಡು,
ಒಬ್ಬನ ವಾದ ಇನ್ನೊಬ್ಬನಿಗೆ ನೆಗಡಿಯ ಸೀನು.
ಅವರು ಬೈದಷ್ಟೂ ಖಾಜಾನ ಹೆಗಲು ಕುಣಿಯುತ್ತದೆ,
ಹೊಲಿಗೆ ಸೊಟ್ಟಾದರೆ ನನ್ನನ್ನು ಬೈಯುತ್ತಾನೆ.

ನೂರಾ ಹನ್ನೆರಡನೆಯ ಪುಟ:
"ತಾವು ದಯಮಾಡಿಸಿದ್ದು ಸಂತೋಷ. ಕುಳಿತುಕೊಳ್ಳೋಣವಾಗಲಿ."

ಪೆಡಲು ನಿಂತಿತು.
"ಮುಗೀತಲ್ಲಪಾ" ಅಂದ.
ಏನು ಮುಗೀತೋ? ಜಗಳವೇ ಇಲ್ಲ ಇಲ್ಲಿ,
ಕುರ್ಚಿ ಒರೆಸಿ ಕೊಟ್ಟಿದ್ದಾನೆ, ಪಾನಕ ತರಿಸಿದ್ದಾನೆ.
"ಅದಕ್ಕ ಅಂದೆ. ಕುರ್ಚಿ ಯಾಕ ಒರೆಸಿದ?"

ನಾನು ಪುಟ ತಿರುವಲಿಲ್ಲ.
ಹೋದ ವರ್ಷ ಮಗಳ ಮದುವೆಯ ರವಿಕೆಗಳನ್ನು
ಸಿಂಧನೂರಿನಲ್ಲಿ ಹೊಲಿಸಿದೆ; ಇವನಿಗೆ ಹೇಳಲಿಲ್ಲ.
ಆಮೇಲೆ ಹೊಸ್ತಿಲಲ್ಲಿ ನಿಂತರೆ
"ಬರ್ರಿ ಸರ. ಆರಾಮ ಅದೀರಿ?"
ಒಂದು 'ರಿ'ಗೆ ಅಷ್ಟು ತೂಕವೆಂದು
ಮೂವತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಗೊತ್ತಿರಲಿಲ್ಲ.
ಹದಿನೇಳು ದಿನ ಬಹುವಚನದಲ್ಲಿ ಬದುಕಿದೆ.
ಕೊನೆಗೊಂದು ಸಂಜೆ, ಸೂಜಿಗೆ ದಾರ ಪೋಣಿಸುತ್ತ,
ಕಣ್ಣೆತ್ತದೆ:
"ಲೇ ಕತ್ತಿ, ಚಾ ಆರಾಕತ್ತೈತಿ."

ಕಾದಂಬರಿಯ ವಕೀಲರಿಗೆ ಅಂಥ ಸಂಜೆ ಬಂತೋ ಇಲ್ಲವೋ,
ಕೊನೆಯ ಪುಟಗಳೂ ಹರಿದಿವೆ.
"ಮುಂದ ಓದು" ಅಂದ ಖಾಜಾ.
"ಇಲ್ಲಲೇ, ಇಷ್ಟೇ ಐತಿ."
"ಮತ್ತ ಬೈಯಿಸು ಅವರನ್ನ. ಸುಳ್ಳಾದರೂ ಬೈಯಿಸು."

ಇದ್ದ ಕೊನೆಯ ಹಾಳೆಯನ್ನೇ ಮುಖಕ್ಕೆ ಹಿಡಿದು
ನಾನು ಬೈಯತೊಡಗಿದೆ.