ಎಡಕ್ಕೆ ಅರವತ್ತೆಂಟು

ಮೊದಲು ಕುದುರೆಯ ಹೆಸರು ಕೇಳಿತು ಆ್ಯಪು.
ರಾಗಿ, ಎಂದು ಒತ್ತಿದೆ.
ವಯಸ್ಸು? ಬುಡೇನ್‌ಸಾಬರು ಬಾಯಿ ಬಿಡಿಸಿ ಹಲ್ಲು ನೋಡಿ
ಹದಿಮೂರೋ ಹದಿನಾಲ್ಕೋ ಅಂದರು.
ಹದಿಮೂರು ಹಾಕಿದೆ, ಹೆಣ್ಣಲ್ಲವೆ, ಒಂದು ಕಮ್ಮಿ ಇರಲಿ.
ತಳಿ? ಬೆರಳ ಕೆಳಗೆ ಉದ್ದ ಪಟ್ಟಿ ಜಾರಿತು:
ಅರಬ್ಬಿ, ಮಾರವಾಡಿ, ಕಾಠಿಯಾವಾಡಿ,
ಕಂಡು ಕೇಳದ ಊರುಗಳ ಅರವತ್ತು ಕುಲ.
ಕಟ್ಟಕಡೆಗೆ ‘ಇತರೆ’ ಬಂತು.
ರಾಗಿ ಅಲ್ಲಿ ಇಳಿದುಕೊಂಡಳು.

ನಾನು ಕಂಡಕ್ಟರು.
ದುರ್ಗ–ಚಳ್ಳಕೆರೆ, ದಿನಕ್ಕೆ ಆರು ಸಿಂಗಲ್ಲು, ಹತ್ತೊಂಬತ್ತು ವರ್ಷ.
ಲೆಕ್ಕ ಒಪ್ಪಿಸದೆ ಮನೆಗೆ ಹೋಗಿ ಗೊತ್ತಿಲ್ಲ.
ಸಾಬರ ಹುರುಳಿ ಮೂಟೆಗೆ ಲಗೇಜು ಟಿಕೆಟು ಹರಿದು
ಅವರಲ್ಲಿ ಚಿಲ್ಲರೆ ಇಲ್ಲದೆ ನಾನೇ ತುಂಬಿದ ಹದಿನೈದು ರೂಪಾಯಿ,
ಅಂಥ ಎಷ್ಟೋ ಹದಿನೈದು,
ಒಂದು ದಿನ ಅವರು ಕುದುರೆಯಲ್ಲಿ ತೀರಿಸಿದರು.

ಹಾಗಾಗಿ ಏಳೂವರೆ ಬಸ್ಸಿಗೆ ಮೊದಲು
ಚಂದ್ರವಳ್ಳಿ ಕಡೆಯ ಬಯಲಿನಲ್ಲಿ
ರಿಕಾಬಿಗೆ ಕಾಲು ಕೊಟ್ಟು
ಎದೆ ಜೇಬಿನ ಫೋನಿನಲ್ಲಿ ‘ಶುರು’ ಒತ್ತುತ್ತೇನೆ.
ಬಾಯಿಗೆ ಬರುವುದು ಮಾತ್ರ: ರೈಟ್.

ರಾಗಿ ಮದುವೆ ಕುದುರೆ.
ಡಿಜೆ ಎದುರು ಕಿವಿ ಮಡಿಸಿ ನಿಲ್ಲುವುದು ಬಲ್ಲಳು,
ನಡುಗುವ ಮದುಮಗನ ಹೊರುವುದು ಬಲ್ಲಳು,
ಓಡುವುದು ಮರೆತಿದ್ದಳು.
ಮೊದಲ ಸಲ ಅವಳಿಗೆ ನೆನಪಾದದ್ದು
ಆ್ಯಪಿನಲ್ಲಿ ಹೀಗಿದೆ: ಕುಕ್ಕುಲೋಟ, ನಾಲ್ಕು ನಿಮಿಷ.
ಗುಡ್ಡದ ಮೇಲಿನ ಗಾಳಿಯಂತ್ರಗಳು
ಆವತ್ತು ನಿಂತಿದ್ದವು. ಅದು ಎಲ್ಲೂ ಇಲ್ಲ.

ಒಮ್ಮೆ ನಿಲ್ಲಿಸುವುದು ಮರೆತು ಡ್ಯೂಟಿಗೆ ಹತ್ತಿದೆ.
ರಾತ್ರಿ ನೋಡಿದರೆ, ರಾಗಿ
ಗಂಟೆಗೆ ಅರವತ್ತರ ನಾಗಾಲೋಟದಲ್ಲಿ ಚಳ್ಳಕೆರೆ ಮುಟ್ಟಿ
ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು
ವಾಪಸು ಬಂದಿದ್ದಾಳೆ, ಮೂರು ಸಲ.
‘ನಿಮ್ಮ ಶ್ರೇಷ್ಠ ಸವಾರಿ’ ಎಂದು ಪದಕ ಬೇರೆ.
ಅಳಿಸಲಿಲ್ಲ.

ಒಂದೇ ಒಂದು ಅಂಕಿ ಕಾಡಿತು.
ಎಡತಿರುವು ನೂರಕ್ಕೆ ಅರವತ್ತೆಂಟು, ಬಲಕ್ಕೆ ಮೂವತ್ತೆರಡು.
ತೆರೆದ ಬಯಲು, ದಾರಿಯೇ ಇಲ್ಲ,
ಆದರೂ ದಿನ ದಿನ ಅದೇ ಅರವತ್ತೆಂಟು.
ಬಲಗಣ್ಣಿಗೆ ಪೊರೆ ಬಂತೇ? ಲಾಳದ ಮೊಳೆ ಚುಚ್ಚಿತೇ?
ಸಾಬರ ಮೂಗಿಗೆ ಫೋನು ಹಿಡಿದೆ.
ಅವರು ಅದನ್ನು ನೋಡಲಿಲ್ಲ.
ಕಾಲು ಸವರಿದರು, ಗೊರಸು ಎತ್ತಿ ತಟ್ಟಿದರು,
ಬಲಗಣ್ಣ ಬಳಿ ಟವೆಲು ಬೀಸಿದರು, ರೆಪ್ಪೆ ಬಡಿದಳು.
‘ನೀವ್ ಇಳೀರಿ. ಆ ಬಂಡೆ ಮುಟ್ಟಿ ಬರ್ರಿ.’
ಮುಟ್ಟಿ ಬಂದೆ.
‘ಕುದುರೆ ನೆಟ್ಟಗೈತೆ ಕಂಡಕ್ಟ್ರಮ್ಮ.
ವಾಲೋದು ನೀವು.’

ಎಡ ಹೆಗಲು.
ಹತ್ತೊಂಬತ್ತು ವರ್ಷದ ಚಿಲ್ಲರೆ ಚೀಲ,
ಬ್ರೇಕು ಬಿದ್ದಾಗ ಸೀಟಿನ ಅಂಚಿಗೆ ಒತ್ತಿಟ್ಟ ಸೊಂಟ.
ಈಗ ಜನ ಸ್ಕ್ಯಾನ್ ಮಾಡುತ್ತಾರೆ, ಚೀಲ ಹಗುರ,
ಹೆಗಲಿಗಿನ್ನೂ ಸುದ್ದಿ ಮುಟ್ಟಿಲ್ಲ.

ಅವಳಿಗೆ ಮೊದಲ ದಿನವೇ ಗೊತ್ತಿತ್ತು, ಬೆನ್ನಿಗೆ.
ನಾನು ಜಾರಿದತ್ತ ಒಂದು ಹೆಜ್ಜೆ ಸರಿದು,
ಮತ್ತೆ ಜಾರಿದರೆ ಮತ್ತೊಂದು ಹೆಜ್ಜೆ,
ನನ್ನ ಕೆಳಗೇ ಬಂದು ನಿಲ್ಲುತ್ತಿದ್ದಳು.
ಆ್ಯಪು ಅದನ್ನು ತಿರುವು ಎಂದು ಬರೆದುಕೊಂಡಿದೆ.
ತಪ್ಪೇನಿಲ್ಲ, ಅದರ ಬಳಿ ಇರುವ ಕಾಲಂ ಅಷ್ಟೇ.

ಈಗ ಚೀಲ ಬಲ ಹೆಗಲಿಗೆ.
ಡ್ರೈವರ್ ಓಬಳೇಶ ಕನ್ನಡಿಯಲ್ಲಿ ನೋಡಿ ನಗುತ್ತಾನೆ,
ಕೈ ಇಲ್ಲದ ಕಡೆ ಕೈ ಹಾಕಿ
ದಿನಕ್ಕೆ ಹತ್ತು ಸಲ ಗಾಳಿಯಲ್ಲಿ ಚಿಲ್ಲರೆ ಹುಡುಕುತ್ತೇನೆ.
ನಿನ್ನೆ ಅರವತ್ತೆರಡು.
ಮೊನ್ನೆ ಅರವತ್ತು ಇತ್ತು, ಇರಲಿ.

ಇವತ್ತು ಫೋನು ಸಾಬರ ಗೂಡಿನಲ್ಲಿ, ಹುರುಳಿ ಡಬ್ಬದ ಪಕ್ಕ ಇಟ್ಟೆ.
ಹತ್ತಿ ಕೂತು, ಬೆನ್ನು ನೆಟ್ಟಗೆ ಮಾಡಿ,
ರೈಟ್, ಎಂದೆ.
ಅವಳು ಸ್ವಲ್ಪ ಯೋಚಿಸಿ
ನೇರ ಹೋದಳು.